ಅಂಡಾಶಯದ ಕ್ಯಾನ್ಸರ್: ರಂಧ್ರದ ಆಪರೇಷನ್ ಎಲ್ಲರಿಗೂ ಆಗಲ್ಲ, ಯಾಕೆ?

ಅಂಡಾಶಯದಲ್ಲಿ ಗಡ್ಡೆ ಇದೆ ಅಂತ ಸ್ಕ್ಯಾನಿಂಗ್ ರಿಪೋರ್ಟ್ ಬಂದ ಕೂಡಲೇ ಮನೆಯವರು ಕೇಳೋದು ಒಂದೇ: ‘ಹೊಟ್ಟೆ ಕೊಯ್ಯದೆ ಮಾಡಕ್ಕಾಗಲ್ವಾ ಡಾಕ್ಟ್ರೇ?’ ಅಂಗಡಿ ಬಾಗಿಲು ಹಾಕಿ ವಾರಗಟ್ಟಲೆ ಆಸ್ಪತ್ರೆಯಲ್ಲಿ ಕೂರೋಕಾಗದವರು ಹೀಗೆ ಕೇಳೋದು ಸಹಜ. ಆದರೆ ಕ್ಯಾನ್ಸರ್ ಇದ್ದಾಗ ಲೆಕ್ಕವೇ ಬೇರೆ.

ಏನಿದು?
ಹೊಟ್ಟೆಗೆ ಮೂರ್ನಾಲ್ಕು ಸಣ್ಣ ರಂಧ್ರ ಮಾಡಿ, ಗ್ಯಾಸ್ ತುಂಬಿ ಉಬ್ಬಿಸುತ್ತಾರೆ. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉಪಕರಣ. ಸಂತಾನಹರಣ ಆಪರೇಷನ್‌ಗೆ ಬಳಸುವ ಲ್ಯಾಪ್ರೋಸ್ಕೋಪ್ ಇದೇ. ರಕ್ತ ಹೋಗೋದು ಕಡಿಮೆ, ನೋವು ಕಡಿಮೆ, ಬೇಗ ಮನೆಗೆ ಬರಬಹುದು.

ತೊಡಕು ಎಲ್ಲಿ?
ಕ್ಯಾನ್ಸರ್ ಗಡ್ಡೆಯನ್ನು ಒಡೆಯದೆ ಇಡಿಯಾಗಿ ತೆಗೆಯಬೇಕು. ಒಂದೇ ಅಂಡಾಶಯದೊಳಗೆ ಇರುವ ಕ್ಯಾನ್ಸರ್ 1ಎ ಹಂತ. ಆಪರೇಷನ್ ವೇಳೆ ಗಡ್ಡೆ ಒಡೆದರೆ ಅದೇ 1ಸಿ ಆಗುತ್ತದೆ, ಕೀಮೋ ಬೇಕಾಗಬಹುದು. ಅದಕ್ಕೇ ಗಡ್ಡೆಯನ್ನು ಹೊಟ್ಟೆಯೊಳಗೇ ಚೀಲಕ್ಕೆ ಹಾಕಿ ಹೊರತೆಗೆಯುತ್ತಾರೆ. ಗಡ್ಡೆ ದೊಡ್ಡದಿದ್ದರೆ ರಂಧ್ರದಲ್ಲಿ ಬರಲ್ಲ, ಹೊಟ್ಟೆ ತೆರೆಯೋದೇ ಕ್ಷೇಮ.

ಹರಡಿದ್ದರೆ?
ಹೆಚ್ಚಿನವರಲ್ಲಿ ಈ ಕಾಯಿಲೆ ಗೊತ್ತಾಗೋದೇ ಹರಡಿದ ಮೇಲೆ. ಕರುಳು, ಹೊಟ್ಟೆಯ ಒಳಪೊರೆ ಮೇಲೆ ರವೆ ಕಾಳಿನಂಥ ಗಂಟುಗಳು ಇರುತ್ತವೆ. ಕಣ್ಣಿಗೆ ಕಾಣುವ ಒಂದನ್ನೂ ಬಿಡಬಾರದು, ಕೈಯಿಂದ ಮುಟ್ಟಿಯೂ ನೋಡಬೇಕು. ಹೀಗಾಗಿ ಸಾಮಾನ್ಯವಾಗಿ ಉದ್ದಕ್ಕೆ ಕೊಯ್ದೇ ಮಾಡುತ್ತಾರೆ. ಎಲ್ಲವನ್ನೂ ತೆಗೆಯಲು ಆಗುತ್ತಾ ಅಂತ ಮೊದಲೇ ಇಣುಕಿ ನೋಡಲು ಮಾತ್ರ ಕ್ಯಾಮೆರಾ ಬಳಸೋದೂ ಉಂಟು.

ಕೀಮೋಗೆ ಗಡ್ಡೆ ಚೆನ್ನಾಗಿ ಕರಗಿದವರಿಗೆ ರಂಧ್ರದ ಆಪರೇಷನ್ ಸಾಕಾ ಅಂತ ತಿಳಿಯಲು ‘ಲ್ಯಾನ್ಸ್’ ಎಂಬ ಅಂತಾರಾಷ್ಟ್ರೀಯ ಅಧ್ಯಯನ ಶುರುವಾಗಿದೆ. ಇಷ್ಟು ಎಚ್ಚರಿಕೆಗೆ ಕಾರಣವೂ ಇದೆ. ಗರ್ಭಕಂಠದ ಕ್ಯಾನ್ಸರ್ ಬಗ್ಗೆ 2018ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ರಂಧ್ರದ ಆಪರೇಷನ್ ಆದವರಲ್ಲೇ ಕಾಯಿಲೆ ಮರಳಿದ್ದು, ಸಾವು ಎರಡೂ ಹೆಚ್ಚಿದ್ದವು.

ಡಾಕ್ಟರಿಗೆ ಏನು ಕೇಳಬೇಕು?
* ಕ್ಯಾನ್ಸರ್ ಅನುಮಾನ ಇದೆಯಾ? ಇದ್ದರೆ ಕ್ಯಾನ್ಸರ್ ಸರ್ಜನ್ ಹತ್ತಿರ ಹೋಗಬೇಕಾ?
* ಗಡ್ಡೆ ಒಡೆಯದೆ ಬರುತ್ತಾ? ಚೀಲ ಬಳಸುತ್ತೀರಾ?
* ಮಧ್ಯದಲ್ಲಿ ಕಷ್ಟವಾದರೆ ಹೊಟ್ಟೆ ತೆರೆಯಲು ತಯಾರಿ ಇದೆಯಾ?

ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬೋದು, ಪದೇ ಪದೇ ಮೂತ್ರ, ಕಿಬ್ಬೊಟ್ಟೆ ನೋವು ಎರಡು ಮೂರು ವಾರ ಬಿಡದಿದ್ದರೆ ಮೆಡಿಕಲ್ ಶಾಪಿನ ಗ್ಯಾಸ್ ಮಾತ್ರೆಯಲ್ಲೇ ದಿನ ದೂಡಬೇಡಿ. ಮನೆಯ ಹೆಂಗಸರು ಹೇಳಿಕೊಳ್ಳದಿದ್ದರೂ ನೀವೇ ಕೇಳಿ, ಸ್ಕ್ಯಾನಿಂಗ್ ಮಾಡಿಸಿ. ಗಾಯ ಎಷ್ಟು ಚಿಕ್ಕದು ಅನ್ನೋದಲ್ಲ, ಒಳಗೆ ಏನೂ ಉಳಿದಿಲ್ಲ ಅನ್ನೋದು ಮುಖ್ಯ.