ಚಳಿಜ್ವರವೂ ಮಕ್ಕಳ ರಕ್ತನಾಳಗಳೂ

ಚಳಿಜ್ವರವೆಂದರೆ ನಡುಕ, ಕಾವು, ಬೆವರು, ಇಷ್ಟೇ ಎಂದು ಅನೇಕರು ತಿಳಿದಿರುವರು. ಆದರೆ ಫಾಲ್ಸಿಪಾರಮ್ ಎಂಬ ಜಾತಿಯ ಮಲೇರಿಯಾ ಕ್ರಿಮಿಯು ಎಳೆಯ ಮಕ್ಕಳಿಗೆ ಮಾಡುವ ಘೋರವಾದ ಹಾನಿಯು ಕೂದಲಿಗಿಂತಲೂ ಸೂಕ್ಷ್ಮವಾದ ರಕ್ತನಾಳಗಳಲ್ಲಿ ನಡೆಯುವುದು.

ಈ ಕ್ರಿಮಿಯು ಕೆಂಪು ರಕ್ತಕಣದೊಳಗೆ ಬೆಳೆಯುತ್ತ ಅದರ ಮೈಮೇಲೆ ಸಣ್ಣ ಗಂಟುಗಳನ್ನೆಬ್ಬಿಸುವುದು. ಉತ್ತರಣೆಯ ಬೀಜವು ಸೀರೆಯಂಚಿಗೆ ಹತ್ತಿಕೊಳ್ಳುವಂತೆ ಅಂಥ ಕಣವು ನಾಳದ ಒಳಗೋಡೆಗೆ ಅಂಟುವುದು. ಕ್ರಿಮಿಗೆ ಇದರಿಂದ ಲಾಭವುಂಟು. ಕೆಟ್ಟ ಕಣಗಳನ್ನು ಸೋಸಿ ತೆಗೆಯುವ ಗುಲ್ಮದ ಕೈಗೆ ಅದು ಸಿಕ್ಕದು. ಮಗುವಿಗಾದರೋ ರಕ್ತದ ಹರಿವು ತಡೆಯುವುದು, ನಾಳದ ಗೋಡೆ ಸಡಿಲಿ ನೀರು ಜಿನುಗುವುದು. ಬೆರಳಿನಿಂದ ತೆಗೆದ ರಕ್ತದಲ್ಲಿ ಕ್ರಿಮಿಗಳು ಕೆಲವೇ ಕಂಡರೂ ಒಳಗೆ ಅಸಂಖ್ಯವಾಗಿ ಅಡಗಿರಬಹುದು.

ಮಿದುಳಿನಲ್ಲಿ ಹೀಗಾದರೆ ಮಗುವಿಗೆ ಸೆಳವು ಬಂದು ಪ್ರಜ್ಞೆ ತಪ್ಪುವುದು. ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ನಗರದಲ್ಲಿ ವೈದ್ಯರು ಇದನ್ನು ಬಹುಕಾಲ ಶೋಧಿಸಿರುವರು. ಅಂಥ ಮಗುವಿನ ಕಣ್ಣಿನ ಒಳಪೊರೆಯಲ್ಲಿ ಬಿಳಿಚಿದ ಕಲೆಗಳೂ ಬಣ್ಣಗೆಟ್ಟ ನಾಳಗಳೂ ಕಾಣುವುವು. ಮಿದುಳಿನ ಸ್ಥಿತಿಗೆ ಅದೇ ಕನ್ನಡಿ. 2015ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 168 ಮಕ್ಕಳ ಮಿದುಳಿನ ಚಿತ್ರಗಳ ವಿಚಾರವಿದೆ. ತೀರಿಕೊಂಡ 25 ಮಕ್ಕಳಲ್ಲಿ 21 ಮಂದಿಯ ಮಿದುಳು ವಿಪರೀತವಾಗಿ ಊದಿತ್ತು. ಊದಲು ತಲೆಬುರುಡೆಯೊಳಗೆ ಎಡೆಯೆಲ್ಲಿ? ಉಸಿರನ್ನಾಳುವ ಭಾಗವೇ ಅದುಮಲ್ಪಡುವುದು. ಬದುಕುಳಿದವರಲ್ಲಿಯೂ ಕೆಲವರಿಗೆ ಊತವಿತ್ತು. ಅವರಲ್ಲಿ ಅದು ಇಳಿಯಿತು.

ಜ್ವರದ ಮಗು ಮಂಕಾಗಿ ಹಾಲು ಬಿಟ್ಟರೆ ಬೆಳಗಾಗಲೆಂದು ಕಾಯುವುದು ತರವಲ್ಲ. ನಮ್ಮ ಹಿರಿಯರು ಬಲ್ಲ ಕಹಿ ಕ್ವಿನೈನಿಗಿಂತ ಆರ್ಟೆಸುನೇಟ್ ಎಂಬ ಚುಚ್ಚುಮದ್ದು ಹೆಚ್ಚು ಮಕ್ಕಳನ್ನು ಉಳಿಸುವುದೆಂಬುದು, ಆಫ್ರಿಕಾದ 9 ದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಸಿದ್ಧವಾಗಿದೆ.