ತಾಡಪತ್ರದ ವಯಸ್ಸು ಮತ್ತು ಇಂಗಾಲ-14

ಪುಷ್ಪಿಕೆಯಲ್ಲಿ ಶಕವರ್ಷ, ಸಂವತ್ಸರ, ತಿಥಿಗಳು ಸ್ಪಷ್ಟವಾಗಿದ್ದರೂ ಅವು ಮೂಲಪ್ರತಿಯಿಂದ ಹಾಗೆಯೇ ನಕಲಾಗಿ ಬಂದಿರಬಹುದು. ಕಡೆಯ ಗರಿಗಳು ನಷ್ಟವಾದ ಕಟ್ಟಿನಲ್ಲಂತೂ ಅಷ್ಟೂ ಇರದು. ಇಂತಹ ಸಂದರ್ಭಗಳಲ್ಲಿ ಲಿಪಿಯ ಸಾಕ್ಷ್ಯದೊಡನೆ ಇಂಗಾಲ-14 ಎಂಬ ವಿಕಿರಣಶೀಲ ಸಮಸ್ಥಾನಿಯ ಸಾಕ್ಷ್ಯವನ್ನೂ ಪಡೆಯಬಹುದಾಗಿದೆ. ಆದರೆ ಅದು ತಿಳಿಸುವುದು ಗರಿಯ ಕಾಲವನ್ನು, ಬರಹದ ಕಾಲವನ್ನಲ್ಲ.

ವಿಶ್ವಕಿರಣಗಳ ಪರಿಣಾಮವಾಗಿ ವಾಯುಮಂಡಲದ ಸಾರಜನಕದಿಂದ ಹುಟ್ಟುವ ಈ ಇಂಗಾಲವನ್ನು ಸಸ್ಯವು ಜೀವಿಸಿರುವವರೆಗೂ ಗಾಳಿಯಿಂದ ಹೀರಿಕೊಳ್ಳುತ್ತದೆ. ಗರಿಯನ್ನು ಕೊಯ್ದ ಮೇಲೆ ಆಯ ನಿಂತು ವ್ಯಯವೊಂದೇ ಉಳಿಯುತ್ತದೆ. ಸುಮಾರು 5730 ವರ್ಷಗಳಲ್ಲಿ ಅದು ಅರ್ಧಕ್ಕಿಳಿಯುತ್ತದೆ. 1940ರಲ್ಲಿ ಕಾಮೆನ್ ಮತ್ತು ರೂಬೆನ್ ಇದನ್ನು ಕಂಡುಹಿಡಿದರು. ಇದನ್ನು ಕಾಲಗಣನೆಗೆ ಅಳವಡಿಸಿದ ವಿಲ್ಲರ್ಡ್ ಲಿಬ್ಬಿಯವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಲಿಬ್ಬಿಯವರ ಕ್ರಮದಲ್ಲಿ ಗ್ರಾಂಗಟ್ಟಲೆ ವಸ್ತುವನ್ನು ಸುಡಬೇಕಾಗಿದ್ದುದರಿಂದ ಗ್ರಂಥಪಾಲಕರು ಅದಕ್ಕೆ ಒಪ್ಪುವಂತಿರಲಿಲ್ಲ. 1977ರ ಅನಂತರ ರೂಪುಗೊಂಡ ಕಣವೇಗವರ್ಧಕ ಕ್ರಮಕ್ಕೆ ಬರಹವಿಲ್ಲದ ಅಂಚಿನ ಕೆಲವೇ ಮಿಲಿಗ್ರಾಂ ಸಾಕು. ಕಟ್ಟಿನ ಮರದ ಹಲಗೆಯನ್ನು ಮಾತ್ರ ಪರೀಕ್ಷೆಗೆ ಕೊಡುವುದು ಉಚಿತವಲ್ಲ. ಹಳೆಯ ಮರದ ಒಳತಿರುಳು ಗರಿಗಿಂತ ಬಹಳ ಹಿಂದಿನದಾಗಿರಬಹುದು.

ಬಕ್ಷಾಲಿ ಹಸ್ತಪ್ರತಿಯ ಪ್ರಸಂಗ ಈ ವಿಷಯದಲ್ಲಿ ಬೋಧಪ್ರದವಾದುದು. 1881ರಲ್ಲಿ ಪೇಶಾವರದ ಬಳಿ ದೊರೆತ, ಶಾರದಾಲಿಪಿಯ ಈ ಗಣಿತಗ್ರಂಥ ಭೂರ್ಜಪತ್ರಗಳ ಮೇಲಿದೆ. 2017ರಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯ ಪ್ರಕಟಿಸಿದ ಫಲಿತಾಂಶದಲ್ಲಿ ಮೂರು ಪತ್ರಗಳಿಗೆ ಮೂರು ಕಾಲಗಳು ಬಂದವು: ಕ್ರಿ.ಶ. 224-383, 680-779, 885-993. ಶೂನ್ಯಚಿಹ್ನೆಯ ಪ್ರಾಚೀನತೆ ಐದು ಶತಮಾನ ಹಿಂದೆ ಸರಿಯಿತೆಂದು ಪತ್ರಿಕೆಗಳು ಸಾರಿದವು. ಗ್ರಂಥ ಒಂದೇ ಕೃತಿಯಾಗಿರುವಾಗ, ಬರಹವೂ ಏಕರೂಪವಾಗಿರುವಾಗ ಪತ್ರಗಳಿಗೆ ಶತಮಾನಗಳ ಅಂತರ ಹೇಗೆ ಸಾಧ್ಯವೆಂದು ಗಣಿತೇತಿಹಾಸದ ವಿದ್ವಾಂಸರು ಅದೇ ವರ್ಷ ಆಕ್ಷೇಪಿಸಿದರು. ಬರೆದ ಕಾಲ ಕಡೆಯ ಪತ್ರಕ್ಕಿಂತ ಹಿಂದಿನದಾಗಲಾರದೆಂಬ ಅವರ ವಾದ ಸಮಂಜಸವಾಗಿದೆ. ಆ ಮೊದಲ ಅಂಕಿಗಳನ್ನು ಅಂತಿಮವೆಂದು ಉಲ್ಲೇಖಿಸುವುದು ಸಾಧುವಲ್ಲ.

ಸುಮಾರು 1650ರಿಂದೀಚಿನ ಪ್ರತಿಗಳಲ್ಲಿ ಈ ಕ್ರಮದ ಉಪಯೋಗ ಅಲ್ಪ. ವಾಯುಮಂಡಲದ ಏರಿಳಿತಗಳಿಂದಾಗಿ ಒಂದೇ ಅಳತೆಗೆ ಹಲವು ಕಾಲಗಳು ಹೊಂದುತ್ತವೆ. ಆದರೆ 1950ರ ದಶಕದ ನಡುವಿನಿಂದ ಅಣುಬಾಂಬು ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಹೆಚ್ಚಿದ ಕಾರಣ, ಅದರ ಈಚೆಗೆ ಬೆಳೆದ ಗರಿಯ ಮೇಲಿನ ಕೃತಕ ‘ಪ್ರಾಚೀನ’ ಪ್ರತಿ ಸುಲಭವಾಗಿ ಸಿಕ್ಕಿಬೀಳುತ್ತದೆ.

ಭಂಡಾರಗಳಲ್ಲಿ ಗರಿಗಳಿಗೆ ಹಚ್ಚುವ ಸಿಟ್ರೊನೆಲ್ಲಾ ಎಣ್ಣೆ ಹೊಸ ಹುಲ್ಲಿನದು. ಪ್ರಯೋಗಾಲಯದಲ್ಲಿ ಪೂರ್ಣವಾಗಿ ತೊಳೆಯದಿದ್ದರೆ ಗರಿ ಇರುವುದಕ್ಕಿಂತ ಈಚಿನದೆಂದು ತೋರುತ್ತದೆ. ಎಣ್ಣೆ ಸವರುವ ಮುನ್ನ ಉದುರಿದ ಖಾಲಿ ಚೂರೊಂದನ್ನು ಕಟ್ಟಿನ ಸಂಖ್ಯೆ ಬರೆದ ಲಕೋಟೆಯಲ್ಲಿ ತೆಗೆದಿರಿಸಿ, ಹಚ್ಚಿದ ಎಣ್ಣೆಯ ಹೆಸರು ಮತ್ತು ವರ್ಷವನ್ನು ಸೂಚಿಯಲ್ಲಿ ನಮೂದಿಸುವುದು ಅವಶ್ಯ.