ಸೇತುವೆ ಕಟ್ಟಲು ನದಿಯ ಪಂಚಾಂಗ

ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊ ನಗರದ ನಟ್ಟನಡುವೆ ಕಾಡೊಂದು ಉಳಿದುಕೊಂಡಿದೆ. ಶಾಸನಸಭೆಯ ಗುಮ್ಮಟದ ಬಳಿಯಿಂದ ಉತ್ತರಕ್ಕೆ ಸೈಕಲ್ ತುಳಿದರೆ ಸ್ವಲ್ಪ ಹೊತ್ತಿನಲ್ಲೇ ಅಮೆರಿಕನ್ ನದಿಯ ದಂಡೆ ಸಿಗುತ್ತದೆ. ಕಾಟನ್‌ವುಡ್ ಮತ್ತು ಓಕ್ ಮರಗಳ ನೆರಳು, ಹುಲ್ಲಲ್ಲಿ ಮೇಯುವ ಜಿಂಕೆ, ಹಾದಿಗೆ ಅಡ್ಡ ಬರುವ ಕಾಡು ಟರ್ಕಿಗಳ ಹಿಂಡು. ಇದು ಅಮೆರಿಕನ್ ರಿವರ್ ಪಾರ್ಕ್‌ವೇ. ನಿಂಬಸ್ ಅಣೆಕಟ್ಟೆಯಿಂದ ಸ್ಯಾಕ್ರಮೆಂಟೊ ನದಿಯ ಸಂಗಮದವರೆಗೆ ಸುಮಾರು 37 ಕಿ.ಮೀ. ಉದ್ದದ ಹಸಿರು ಪಟ್ಟಿ. ಇದರೊಳಗೇ ಸಾಗಿ ಫಾಲ್ಸಮ್ ಸರೋವರದವರೆಗೆ ಮುಂದುವರಿಯುವ ಜೆಡಿಡಯಾ ಸ್ಮಿತ್ ಸ್ಮಾರಕ ಸೈಕಲ್ ಹಾದಿಯ ಉದ್ದ ಸುಮಾರು 51 ಕಿ.ಮೀ.

ಈ ನದಿಯನ್ನು ಹಿಂದೆ ಯಾರೂ ಇಷ್ಟು ಜೋಪಾನ ಮಾಡಿರಲಿಲ್ಲ. 1848ರಲ್ಲಿ ಇದರ ದಕ್ಷಿಣ ಕವಲಿನ ಕೊಲೋಮಾದಲ್ಲಿ ಚಿನ್ನ ಸಿಕ್ಕಿದ್ದೇ ತಡ, ಜನ ನದಿಪಾತ್ರವನ್ನೇ ಬಗೆದು ಹಾಕಿದರು. ಯಂತ್ರಗಳು ಅಗೆದು ರಾಶಿ ಹಾಕಿದ ಉರುಟುಕಲ್ಲಿನ ದಿಬ್ಬಗಳು ನಿಂಬಸ್ ಕಡೆಗೆ ಹೋದಂತೆ ಇಂದಿಗೂ ಕಾಣಸಿಗುತ್ತವೆ. 1950ರ ದಶಕದಲ್ಲಿ ಫಾಲ್ಸಮ್ ಮತ್ತು ನಿಂಬಸ್ ಅಣೆಕಟ್ಟೆಗಳು ಎದ್ದವು. ದಂಡೆಯುದ್ದಕ್ಕೂ ಬಡಾವಣೆಗಳು ಬರುವ ಲಕ್ಷಣ ಕಂಡಾಗ ಊರಿನವರು 1961ರಲ್ಲಿ ‘ಸೇವ್ ದಿ ಅಮೆರಿಕನ್ ರಿವರ್ ಅಸೋಸಿಯೇಷನ್’ ಕಟ್ಟಿದರು. ನದಿಯ ಈ ಕೆಳಭಾಗಕ್ಕೆ 1972ರಲ್ಲಿ ರಾಜ್ಯದ, 1981ರಲ್ಲಿ ಕೇಂದ್ರದ ‘ವೈಲ್ಡ್ ಆ್ಯಂಡ್ ಸೀನಿಕ್’ ರಕ್ಷಣೆ ದೊರೆಯಿತು. ಅಲ್ಲಿಂದೀಚೆಗೆ ಇಲ್ಲಿ ಹೊಸ ಸೇತುವೆಯೆಂದರೆ ಬರೀ ಎಂಜಿನಿಯರುಗಳ ಕೆಲಸವಾಗಿ ಉಳಿದಿಲ್ಲ.

ಹಾಗೆಂದು ಸೈಕಲ್ ಸವಾರರಿಗೆ ಇಲ್ಲಿ ಸೇತುವೆಗಳ ಬರವೇನೂ ಇಲ್ಲ. ಫೇರ್ ಓಕ್ಸ್‌ನಲ್ಲಿ 1909ರ ಹಳೆಯ ಉಕ್ಕಿನ ಸೇತುವೆಯಿದೆ. ಈಗ ಅದರ ಮೇಲೆ ನಡೆಯುವವರು ಮತ್ತು ಸೈಕಲ್‌ನವರು ಮಾತ್ರ. ವಿಶ್ವವಿದ್ಯಾಲಯದ ಪಕ್ಕದ ಗೈ ವೆಸ್ಟ್ ತೂಗುಸೇತುವೆ 1967ರದ್ದು, ನೋಡಲು ಗೋಲ್ಡನ್ ಗೇಟ್‌ನ ಮರಿಯಂತಿದೆ. ನಗರಕೇಂದ್ರದ ಉತ್ತರ ಅಂಚಿನಲ್ಲಿ ಸ್ಯಾಕ್ರಮೆಂಟೊ ನಾರ್ದರ್ನ್ ರೈಲಿನ ಹಳೆಯ ಸೇತುವೆಯೇ ಸೈಕಲ್ ದಾರಿಯಾಗಿದೆ. ಇರುವ ಕಂಬಗಳ ಮೇಲೆಯೇ ಹಾದಿ ಹಾಸಿದ್ದರಿಂದ ನೀರಿಗೆ ಹೊಸದಾಗಿ ಕಂಬ ಇಳಿಸುವ ಪ್ರಮೇಯ ಬರಲಿಲ್ಲ.

ತೊಡಕಿರುವುದು ಹೊಸ ದಾಟುದಾರಿಯಲ್ಲಿ. ದಕ್ಷಿಣದ ರಿವರ್ ಡಿಸ್ಟ್ರಿಕ್ಟ್ ಮತ್ತು ಉತ್ತರದ ಸೌತ್ ನಟೋಮಸ್ ನಡುವೆ ಟ್ರಕ್ಸೆಲ್ ಸೇತುವೆ ಕಟ್ಟುವ ಯೋಜನೆ ಬಹುಕಾಲದ್ದು. ಸೈಕಲ್, ಪಾದಚಾರಿ, ಲಘು ರೈಲು ಮೂರಕ್ಕೂ ಅದು ದಾರಿಯಾಗಬೇಕು. ಈ ಭಾಗದಲ್ಲಿ ಎರಡು ಏರಿಗಳ ನಡುವಿನ ಬಯಲು ಅಗಲವಾಗಿರುವುದರಿಂದ ಸೇತುವೆ ನೀರಿನ ಹರವಿಗಿಂತ ಎಷ್ಟೋ ಉದ್ದವಾಗಬೇಕು. 1986ರ ಫೆಬ್ರವರಿಯಲ್ಲಿ ಪ್ರವಾಹ ಏರಿಗಳ ನೆತ್ತಿಯ ಹತ್ತಿರ ಬಂದದ್ದನ್ನು ಈ ಊರು ಮರೆತಿಲ್ಲ. ಪ್ರತಿ ಕಂಬವೂ ತೇಲಿಬರುವ ಮರಗಳನ್ನು ತಡೆದು ನೀರು ಏರಿಸುತ್ತದೆ. ಹೀಗಾಗಿ ಪ್ರವಾಹ ಮಂಡಳಿ ಮತ್ತು ಸೇನಾ ಎಂಜಿನಿಯರುಗಳ ಒಪ್ಪಿಗೆ ಬೇಕೇ ಬೇಕು. ನದಿಯ ಸಹಜ ಹರಿವಿಗೆ ಧಕ್ಕೆಯಾಗದೆಂದು ರಾಷ್ಟ್ರೀಯ ಉದ್ಯಾನ ಸೇವೆಗೂ ಮನವರಿಕೆಯಾಗಬೇಕು.

ಇನ್ನು ಎಲ್ಡರ್‌ಬೆರಿ ಪೊದೆಯ ಮಾತು. ಕೆನೆಬಣ್ಣದ ಹೂಗೊಂಚಲು, ನೀಲಿಗಪ್ಪು ಹಣ್ಣಿನ ಈ ಪೊದೆ ಹಾದಿಯ ಬದಿಯಲ್ಲೇ ಬೆಳೆಯುತ್ತದೆ. ಅದರ ಕಾಂಡದೊಳಗೆ ಉದ್ದ ಮೀಸೆಯ ದುಂಬಿಯೊಂದರ ಮರಿಹುಳು ಒಂದೆರಡು ವರ್ಷ ತಿರುಳು ತಿನ್ನುತ್ತ ಬಾಳುತ್ತದೆ. ವಸಂತದಲ್ಲಿ ದುಂಬಿ ಹೊರಬರುವ ಅಂಡಾಕಾರದ ತೂತು ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. 1980ರಿಂದ ಈ ದುಂಬಿ ಕೇಂದ್ರದ ಸಂರಕ್ಷಿತ ಪಟ್ಟಿಯಲ್ಲಿದೆ. ಹಾದಿ ಎಳೆಯುವ ಮುನ್ನ ಸಮೀಕ್ಷಕರು ಪೊದೆಪೊದೆಗೂ ಮಂಡಿಯೂರಿ, ಒಂದು ಇಂಚಿಗಿಂತ ದಪ್ಪನೆಯ ಕಾಂಡಗಳಲ್ಲಿ ಆ ತೂತು ಹುಡುಕುತ್ತಾರೆ. ಪೊದೆ ತಪ್ಪಿಸಿ ಹೋಗಲು ಸಾಧ್ಯವೇ ಇಲ್ಲವೆಂದಾದರೆ, ಅದು ಎಲೆ ಉದುರಿಸಿ ಮಲಗಿರುವ ನವೆಂಬರ್‌ನಿಂದ ಫೆಬ್ರವರಿ ನಡುವೆ ಬೇರುಸಮೇತ ಕಿತ್ತು ಬೇರೆಡೆ ನೆಡಬೇಕು.

ನೀರೊಳಗಿನ ಲೆಕ್ಕ ಇದಕ್ಕೆ ತಿರುಗುಮುರುಗು. ಶರತ್ಕಾಲದಲ್ಲಿ ಚಿನೂಕ್ ಸಾಲ್ಮನ್ ಮೀನುಗಳು ಸಮುದ್ರದಿಂದ ಈಜಿ ಬಂದು, ನಿಂಬಸ್ ಕಟ್ಟೆ ದಾಟಲಾಗದೆ, ಅದರ ಕೆಳಗಿನ ಜಲ್ಲಿಯಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತವೆ. ಅವು ಹಾದುಹೋಗುವ ದಾರಿಯಲ್ಲಿ ಕಂಬ ಬಡಿದರೆ ಆ ಸದ್ದಿನ ಒತ್ತಡಕ್ಕೆ ಮೀನಿನ ಗಾಳಿಚೀಲ ಒಡೆಯಬಹುದು. ಆದ್ದರಿಂದ ನೀರಿಗಿಳಿಯುವ ಕೆಲಸಕ್ಕೆ ಬೇಸಿಗೆಯ ತಿಂಗಳುಗಳನ್ನೇ ಕಾಯಬೇಕು. ಪೊದೆಗೆ ಚಳಿಗಾಲ, ಮೀನಿಗೆ ಬೇಸಿಗೆ. ಇವೆರಡರ ನಡುವೆ ಗುತ್ತಿಗೆದಾರ ತನ್ನ ದಿನ ಹುಡುಕಿಕೊಳ್ಳಬೇಕು. ರಾತ್ರಿ ದೀಪಗಳ ವಿಚಾರದಲ್ಲೂ ಎಚ್ಚರ ಬೇಕು: ನೀರಿನ ಮೇಲೆ ಬೆಳಕು ಬಿದ್ದರೆ ಎಳೆಯ ಸಾಲ್ಮನ್‌ಗಳು ದೊಡ್ಡ ಮೀನುಗಳ ಕಣ್ಣಿಗೆ ಸುಲಭವಾಗಿ ಬೀಳುತ್ತವೆ.

ಇಷ್ಟಾದರೂ ದೊಡ್ಡ ಜಗಳ ಇವುಗಳದ್ದಲ್ಲ, ಕಾರಿನದ್ದು. ರಾಜ್ಯದ ಕಾನೂನಿನ ಬಲವಿರುವ ಪಾರ್ಕ್‌ವೇ ಯೋಜನೆ ಟ್ರಕ್ಸೆಲ್‌ನಲ್ಲಿ ರೈಲು, ಸೈಕಲ್, ಪಾದಚಾರಿಗಳಿಗಷ್ಟೇ ಜಾಗ ಕೊಟ್ಟಿದೆ. ಕಾರುಗಳೂ ಓಡಲಿ ಎಂದು ನಗರಾಡಳಿತ ಮಾತೆತ್ತಿದಾಗ ನದಿಪ್ರೇಮಿಗಳಷ್ಟೇ ಅಲ್ಲ, ಸೇತುವೆ ಬೇಕೆಂದಿದ್ದ ಸೈಕಲ್ ಸವಾರರೂ ತಕರಾರು ತೆಗೆದರು. ಅದರಲ್ಲಿ ಹುರುಳಿದೆ. ಕಾರಿನ ಪಥ ಸೇರಿದಷ್ಟೂ ಸೇತುವೆ ಅಗಲವಾಗುತ್ತದೆ, ಕಂಬ ದಪ್ಪವಾಗುತ್ತದೆ, ಮಳೆನೀರಿನೊಂದಿಗೆ ಎಣ್ಣೆ ಮತ್ತು ಟೈರಿನ ಪುಡಿ ನದಿ ಸೇರುತ್ತವೆ. ದುಂಬಿಗಾಗಿ, ಮೀನಿಗಾಗಿ ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಗೆ ಕಾರಿಗೆ ದಾರಿ ಬಿಟ್ಟರೆ ಆ ಲೆಕ್ಕವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ನೋಡಲು ಹೋಗುವವರಿಗೆ ನವೆಂಬರ್ ಒಳ್ಳೆಯ ತಿಂಗಳು. ನಿಂಬಸ್ ಮೀನುಮರಿ ಕೇಂದ್ರದ ಬಳಿ ಸಾಲ್ಮನ್‌ಗಳು ಮೆಟ್ಟಿಲುಗಾಲುವೆ ಏರುವುದನ್ನು ಹತ್ತಿರದಿಂದ ಕಾಣಬಹುದು. ಹಾದಿಯಲ್ಲಿ ಸೈಕಲ್ ವೇಗ ಗಂಟೆಗೆ 24 ಕಿ.ಮೀ. ಮೀರುವಂತಿಲ್ಲ. ಹಳೆಯ ರೈಲು ಸೇತುವೆಯಿಂದ ನದಿ ದಾಟಿ ಏರಿಯ ಮೇಲೆ ಪಶ್ಚಿಮಕ್ಕೆ ತಿರುಗಿದರೆ, ಟ್ರಕ್ಸೆಲ್ ಸೇತುವೆ ಬರಬೇಕಾದ ಬಯಲು ಎಡಗಡೆ ಸಿಗುತ್ತದೆ. ನಕ್ಷೆಯಲ್ಲಿ ಒಂದು ಗೆರೆಯಾಗಿ ಕಾಣುವ ಯೋಜನೆ ಎಷ್ಟು ಮರಗಳ ನಡುವೆ ಹಾಯಬೇಕು ಎಂಬುದು ಅಲ್ಲಿ ನಿಂತರೆ ತಿಳಿಯುತ್ತದೆ.